ಒದ್ದೆಯಾದರೂ ಹರಿಯದ ಕಾಗದ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಕಮೋಡ್ ಕಟ್ಟಿಕೊಂಡಿತು. ಎರಡು ಬಕೆಟ್ ನೀರು ಸುರಿದರೂ ಇಳಿಯಲಿಲ್ಲ. ಪ್ಲಂಬರ್ ಬಂದು ಉದ್ದನೆಯ ಸ್ಪ್ರಿಂಗ್ ತಂತಿ ತೂರಿಸಿ, ಹತ್ತು ನಿಮಿಷ ತಿರುವಿ, ಒಂದು ಬಿಳಿ ಮುದ್ದೆಯನ್ನು ಎಳೆದು ಹೊರಗೆ ಹಾಕಿದರು. ಗ್ಲೌಸ್ ಹಾಕಿದ ಕೈಯಲ್ಲೇ ಅದನ್ನು ಬಿಡಿಸಿ ತೋರಿಸಿದರು. ಅಡುಗೆಮನೆಯ ಟಿಶ್ಯೂ! ಅದರ ಮೇಲೆ ಒತ್ತಿದ್ದ ಪುಟ್ಟ ಹೂವಿನ ಅಚ್ಚು ಕೂಡ ಹಾಗೇ ಇತ್ತು.

"ಇದು ಪೇಪರ್ ಅಲ್ಲ ಸಾರ್, ಬಟ್ಟೆ ಇದ್ದಂಗೆ. ಟಾಯ್ಲೆಟ್ ಪೇಪರ್ ಆಗಿದ್ರೆ ಯಾವತ್ತೋ ಕರಗಿ ಹೋಗಿರೋದು" ಅಂದರು.

ಮನೆಗೆ ಬಂದ ನೆಂಟರಲ್ಲಿ ಯಾರೋ ಹಾಕಿದ್ದರು. ಅವರನ್ನು ದೂರುವಂತಿಲ್ಲ. ಎರಡೂ ಬಿಳಿ, ಎರಡೂ ಮೆತ್ತಗೆ, ಎರಡೂ ಸುರುಳಿಯಲ್ಲೇ ಬರುತ್ತವೆ. ಎರಡನ್ನೂ ಮಾಡುವುದು ಮರದ ನಾರಿನಿಂದಲೇ. ಹಾಗಿದ್ದ ಮೇಲೆ ಒಂದು ನೀರಲ್ಲಿ ಬಿಟ್ಟುಕೊಳ್ಳುತ್ತದೆ, ಇನ್ನೊಂದು ಯಾಕೆ ಬಿಟ್ಟುಕೊಳ್ಳುವುದಿಲ್ಲ?

ಅವತ್ತು ಸಂಜೆ ಎರಡು ಗಾಜಿನ ಲೋಟದಲ್ಲಿ ನೀರು ತುಂಬಿಸಿ ಕಿಟಕಿ ಪಕ್ಕ ಇಟ್ಟೆ. ಒಂದಕ್ಕೆ ಅಂಗೈಯಗಲ ಟಾಯ್ಲೆಟ್ ಪೇಪರ್, ಇನ್ನೊಂದಕ್ಕೆ ಅಷ್ಟೇ ಅಗಲದ ಕಿಚನ್ ಟವೆಲ್, ಅಂದರೆ ಅದೇ ಅಡುಗೆಮನೆಯ ಟಿಶ್ಯೂ. ಚಮಚದಲ್ಲಿ ಕಲಕಿದೆ. ಮೊದಲ ಲೋಟದಲ್ಲಿ ಕಾಗದ ಚೂರುಚೂರಾಗಿ, ಇನ್ನಷ್ಟು ಕಲಕಿದಾಗ ನೀರೆಲ್ಲ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಯಿತು. ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಎಳೆಗಳು ತೇಲುತ್ತಿದ್ದವು. ಎರಡನೇ ಲೋಟದಲ್ಲಿ ಟವೆಲ್ ಚಮಚಕ್ಕೆ ಸುತ್ತಿಕೊಂಡಿತು, ಅಷ್ಟೇ. ನೀವೂ ಮಾಡಿ ನೋಡಿ, ಐದು ನಿಮಿಷದ ಕೆಲಸ.

ಮಬ್ಬು ನೀರಿನಲ್ಲಿ ತೇಲುತ್ತಿದ್ದ ಎಳೆಗಳನ್ನು ಗಮನಿಸಿ. ಅಂದರೆ ಕಾಗದ ಸಕ್ಕರೆಯ ಹಾಗೆ ಕರಗಿಲ್ಲ. ನಾರು ನಾರಾಗಿಯೇ ಉಳಿದಿದೆ, ನಾರಿಗೂ ನಾರಿಗೂ ಇದ್ದ ಹಿಡಿತ ಮಾತ್ರ ಬಿಟ್ಟಿದೆ. ಮರದ ನಾರು ಮತ್ತು ಹತ್ತಿಯ ನಾರು ಎರಡೂ ಮುಖ್ಯವಾಗಿ ಸೆಲ್ಯುಲೋಸ್. ಸಾವಿರಾರು ಗ್ಲೂಕೋಸ್ ಕಣಗಳು ಸಾಲಾಗಿ ಪೋಣಿಸಿಕೊಂಡ ಪಾಲಿಮರ್ ಅದು. ಹತ್ತಿ ಬಟ್ಟೆ ಒದ್ದೆಯಾದರೆ ಹರಿಯುವುದಿಲ್ಲ, ಯಾಕೆಂದರೆ ಅಲ್ಲಿ ನೂಲು ಹೊಸೆದಿದೆ, ನೇಯ್ದಿದೆ. ಕಾಗದದಲ್ಲಿ ಹೊಸೆಯುವುದೂ ಇಲ್ಲ, ನೇಯುವುದೂ ಇಲ್ಲ. ನೀರಲ್ಲಿ ತೇಲುವ ನಾರನ್ನು ಜರಡಿಯ ಮೇಲೆ ಹರಡಿ ಒಣಗಿಸಿದರೆ ಆಯಿತು. ಒಣಗುವಾಗ ನಾರುಗಳು ಹತ್ತಿರ ಬಂದು, ಮೈಮೇಲಿನ ಆಕ್ಸಿಜನ್-ಹೈಡ್ರೋಜನ್ ಜೋಡಿಗಳಿಂದ ಒಂದನ್ನೊಂದು ಮೆಲ್ಲಗೆ ಹಿಡಿದುಕೊಳ್ಳುತ್ತವೆ. ಇದೇ ಹೈಡ್ರೋಜನ್ ಬಂಧ. ಒಂದೊಂದೇ ನೋಡಿದರೆ ತೀರಾ ದುರ್ಬಲ. ಕೋಟಿ ಕೋಟಿ ಸೇರಿದಾಗ ಕಾಗದ.

ನೀರಿನ ಕಣಕ್ಕೂ ಅಂಥದ್ದೇ ಜೋಡಿಗಳಿವೆ. ಹಾಗಾಗಿ ಜಾತ್ರೆಯಲ್ಲಿ ಕೈ ಹಿಡಿದು ನಡೆಯುವವರ ನಡುವೆ ಜನ ನುಗ್ಗಿದ ಹಾಗೆ, ನೀರು ನಾರುಗಳ ನಡುವೆ ನುಗ್ಗಿ ಹಿಡಿತ ಬಿಡಿಸುತ್ತದೆ. ಸಾಮಾನ್ಯ ಕಾಗದ ಪೂರ್ತಿ ಒದ್ದೆಯಾದರೆ ಒಣಗಿದ್ದಾಗಿನ ಗಟ್ಟಿತನದಲ್ಲಿ ಹತ್ತನೇ ಒಂದು ಪಾಲೂ ಉಳಿಯುವುದಿಲ್ಲ.

ಟಿಶ್ಯೂ ಮಾಡುವವರ ಕಷ್ಟ ಇಲ್ಲಿಂದಲೇ ಶುರು. ಕಾಗದ ಮೆತ್ತಗಿರಬೇಕು ಅಂದರೆ ಈ ಹಿಡಿತ ಕಡಿಮೆ ಇರಬೇಕು. ಗಟ್ಟಿಯಾಗಿರಬೇಕು ಅಂದರೆ ಜಾಸ್ತಿ ಇರಬೇಕು. ಇದರ ಮೇಲೆ ನೀರಿನ ಕಾಟ ಬೇರೆ.

ಮೆತ್ತಗಾಗುವ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಟಿಶ್ಯೂ ಮಷೀನಿಗೆ ಹೋಗುವ ಪಲ್ಪ್ ಹೆಚ್ಚುಕಡಿಮೆ ಬರೀ ನೀರು. ಸಾವಿರ ಲೀಟರ್ ನೀರಿಗೆ ಎರಡು ಕೆಜಿ ನಾರು ಇದ್ದರೆ ಹೆಚ್ಚು. ಜಾಲರಿಯ ಮೇಲೆ ನೀರು ಸೋರಿ, ಉಳಿದ ಹಸಿ ಹಾಳೆ ಒಂದು ದೊಡ್ಡ ಉರುಳೆಗೆ ಅಂಟಿಕೊಳ್ಳುತ್ತದೆ. ಇದರ ಹೆಸರು ಯಾಂಕಿ ಡ್ರೈಯರ್. ಒಳಗೆ ಹಬೆ, ಹೊರಗೆ ನಯವಾದ ಲೋಹದ ಮೈ. ದೊಡ್ಡ ಕಾರ್ಖಾನೆಗಳಲ್ಲಿ ಇದರ ಅಡ್ಡಳತೆ 5 ಮೀಟರ್ ಇರುತ್ತದೆ, ಅಂದರೆ ಒಂದೂವರೆ ಅಂತಸ್ತಿನ ಮನೆಯಷ್ಟು ಎತ್ತರ. ವೇಗದ ಮಷೀನಿನಲ್ಲಿ ಕಾಗದ ನಿಮಿಷಕ್ಕೆ 2,000 ಮೀಟರ್ ಓಡುತ್ತದೆ. ಗಂಟೆಗೆ 120 ಕಿಲೋಮೀಟರ್! ಉರುಳೆ ಒಂದು ಸುತ್ತು ಬರಲು ಅರ್ಧ ಸೆಕೆಂಡು ಸಾಕು. ಅಷ್ಟರಲ್ಲಿ ಹಾಳೆ ಒಣಗಿರಬೇಕು.

ಸುತ್ತಿನ ಕೊನೆಗೆ ಒಂದು ಅಲಗು ಕಾಯುತ್ತಿರುತ್ತದೆ. ಇದನ್ನು ಡಾಕ್ಟರ್ ಬ್ಲೇಡ್ ಎನ್ನುತ್ತಾರೆ. ಆ ವೇಗದಲ್ಲಿ ಬಂದ ಹಾಳೆ ಅಲಗಿಗೆ ಡಿಕ್ಕಿ ಹೊಡೆದು, ಉರುಳೆಯಿಂದ ಬಿಟ್ಟು, ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಸೆಂಟಿಮೀಟರಿಗೆ ಹತ್ತಾರು ಸಣ್ಣ ನೆರಿಗೆಗಳು. ಈ ಏಟಿಗೆ ಒಳಗಿನ ಹೈಡ್ರೋಜನ್ ಬಂಧಗಳೂ ಎಷ್ಟೋ ಮುರಿಯುತ್ತವೆ. ಮುರಿದದ್ದರಿಂದಲೇ ಮೆತ್ತಗಾಗುತ್ತದೆ. ಟಿಶ್ಯೂ ಮೆಲ್ಲಗೆ ಎಳೆದರೆ ಸ್ವಲ್ಪ ಹಿಗ್ಗುತ್ತದಲ್ಲ, ಅದು ಈ ನೆರಿಗೆಗಳು ಬಿಚ್ಚಿಕೊಳ್ಳುವುದು. ಭೂತಗನ್ನಡಿ ಇದ್ದರೆ ನೋಡಿ, ಸಾಲು ಸಾಲು ಏರಿಗಳು ಕಾಣುತ್ತವೆ.

ಅಲಗಿನ ಕೆಲಸ ಸರಿಯಾಗಬೇಕಾದರೆ ಹಾಳೆ ಉರುಳೆಗೆ ಹದವಾಗಿ ಅಂಟಿರಬೇಕು. ಜಾಸ್ತಿ ಅಂಟಿದರೆ ಹರಿದು ತೂತಾಗುತ್ತದೆ, ಕಡಿಮೆ ಅಂಟಿದರೆ ನೆರಿಗೆ ಬೀಳುವುದಿಲ್ಲ. ಅದಕ್ಕಾಗಿ ಉರುಳೆಯ ಮೈಗೆ ಸದಾ ಪಾಲಿಮರ್ ಅಂಟು ಸಿಂಪಡಿಸುತ್ತಿರುತ್ತಾರೆ. ಚದರ ಮೀಟರಿಗೆ ಕೆಲವೇ ಮಿಲಿಗ್ರಾಂ. ಕಣ್ಣಿಗೆ ಕಾಣದಷ್ಟು ತೆಳು. ಇಡೀ ಕಾರ್ಖಾನೆಯ ಗುಣಮಟ್ಟ ಆ ಪದರದ ಮೇಲೆ ನಿಂತಿದೆ ಅಂದರೆ ನನಗೆ ಈಗಲೂ ಮೈ ಝುಂ ಅನ್ನುತ್ತದೆ.

ಮೆತ್ತನೆಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಪರಿಚಯದ ಒಂದು ಮರವೂ ಬರುತ್ತದೆ. ನೀಲಗಿರಿ. ಅದರ ನಾರು ಒಂದು ಮಿಲಿಮೀಟರಿಗೂ ಗಿಡ್ಡ. ಗಿಡ್ಡ ನಾರಿನ ತುದಿಗಳು ಕಾಗದದ ಮೇಲೆ ನಯವಾದ ರೋಮದ ಹಾಗೆ ಎದ್ದು ನಿಲ್ಲುತ್ತವೆ, ಮುಟ್ಟಿದರೆ ಮಖಮಲ್ಲಿನಂತಿರುತ್ತದೆ. ಪೈನ್ ಜಾತಿಯ ಮರಗಳ ನಾರು ಅದರ ಮೂರು ಪಟ್ಟು ಉದ್ದ, ಗಟ್ಟಿತನಕ್ಕೆ ಅದು ಬೇಕು. ಜಗತ್ತಿನ ಟಿಶ್ಯೂಗೆ ಬೇಕಾದ ನೀಲಗಿರಿ ಪಲ್ಪ್ ಬಹುಪಾಲು ಬರುವುದು ಬ್ರೆಜಿಲ್‌ನಿಂದ. ನಮ್ಮಲ್ಲಿಗೆ ಈ ಮರ ಬಂದದ್ದು 1790ರ ಸುಮಾರಿಗೆ, ಟಿಪ್ಪುವಿನ ಕಾಲದಲ್ಲಿ, ನಂದಿಬೆಟ್ಟಕ್ಕೆ. ಅಲ್ಲಿಂದ ಹರಡಿದ ತಳಿಗೆ ಮೈಸೂರು ಗಮ್ ಎಂದೇ ಹೆಸರು. ಅಂತರ್ಜಲ ಹೀರುತ್ತದೆ ಎಂದು ಕೋಲಾರದ ಕಡೆಯ ರೈತರು ಈ ಮರದ ಬಗ್ಗೆ ಹೇಳುವ ಮಾತನ್ನು ಬ್ರೆಜಿಲ್‌ನ ಊರುಗಳಲ್ಲೂ ಹೇಳುತ್ತಾರೆ. ಅದೊಂದು ಬೇರೆಯೇ ಲೇಖನದ ವಿಷಯ.

ಈಗ ನೀರಿನ ಕಾಟಕ್ಕೆ ಬರೋಣ.

1924ರಲ್ಲಿ ಅಮೆರಿಕದ ಕಿಂಬರ್ಲಿ-ಕ್ಲಾರ್ಕ್ ಕಂಪನಿ ಕ್ಲೀನೆಕ್ಸ್ ಎಂಬ ಟಿಶ್ಯೂ ತಂದದ್ದು ಮುಖದ ಕೋಲ್ಡ್ ಕ್ರೀಮ್ ಒರೆಸಲು. ಜನ ಅದರಲ್ಲಿ ಮೂಗು ಒರೆಸತೊಡಗಿದರು. 1930ರ ಹೊತ್ತಿಗೆ ಕಂಪನಿಯೇ ಅದನ್ನು ಕರವಸ್ತ್ರದ ಬದಲಿಗೆ ಎಂದು ಜಾಹೀರಾತು ಕೊಟ್ಟಿತು. ಮೂಗು ಅಂದ ಮೇಲೆ ಒದ್ದೆ, ಒದ್ದೆ ಅಂದ ಮೇಲೆ ಹರಿಯುವುದು ಇದ್ದದ್ದೇ. ಮೂವತ್ತು, ನಲವತ್ತರ ದಶಕದಲ್ಲಿ ಯೂರಿಯಾ-ಫಾರ್ಮಾಲ್ಡಿಹೈಡ್, ಮೆಲಮೀನ್-ಫಾರ್ಮಾಲ್ಡಿಹೈಡ್ ಎಂಬ ಅಂಟಿನಂಥ ರೆಸಿನ್‌ಗಳನ್ನು ಪಲ್ಪಿಗೆ ಬೆರೆಸಿ ಒದ್ದೆಗೆ ತಡೆಯುವ ಕಾಗದ ಮಾಡಿದರು. ಆದರೆ ಇವು ಕೂರುವುದು ಹುಳಿ ನೀರಿನಲ್ಲಿ ಮಾತ್ರ. ಹುಳಿ ಆಮ್ಲ ಮಷೀನನ್ನು ತಿನ್ನುತ್ತದೆ, ಕಾಗದವನ್ನು ಪೆಡಸು ಮಾಡುತ್ತದೆ. ಪೆಡಸು ಕಾಗದದಲ್ಲಿ ಮೂಗು ಒರೆಸುವವರು ಯಾರು?

ಉತ್ತರ ಬಂದದ್ದು ಹರ್ಕ್ಯುಲಿಸ್ ಪೌಡರ್ ಕಂಪನಿಯಿಂದ. ಹೆಸರಲ್ಲಿರುವ ಪೌಡರ್ ಮುಖಕ್ಕೆ ಹಚ್ಚುವುದಲ್ಲ, ಸಿಡಿಮದ್ದು. ಅಮೆರಿಕದ ಸಿಡಿಮದ್ದಿನ ವ್ಯಾಪಾರವನ್ನೆಲ್ಲ ಡ್ಯುಪಾಂಟ್ ಒಂದೇ ಹಿಡಿದಿಟ್ಟುಕೊಂಡಿದೆ ಎಂದು ಅಲ್ಲಿನ ಕೋರ್ಟು ಅದನ್ನು ಒಡೆಯಿತು, 1912ರಲ್ಲಿ ಹೀಗೆ ಬೇರೆಯಾದ ಮನೆ ಹರ್ಕ್ಯುಲಿಸ್. ಎರಡೂ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ ಊರಿನವು. ಡ್ಯುಪಾಂಟ್‌ನಲ್ಲಿ 1935ರಲ್ಲಿ ವ್ಯಾಲೇಸ್ ಕ್ಯಾರೊಥರ್ಸ್ ತಂಡ ನೈಲಾನ್ ಮಾಡಿತು. ಅಡಿಪಿಕ್ ಆಮ್ಲಕ್ಕೆ ಎರಡು ತುದಿಯಲ್ಲಿ ನೈಟ್ರೋಜನ್ ಇರುವ ಒಂದು ಅಮೀನ್ ಸೇರಿಸಿ ಉದ್ದದ ಸರಪಳಿ ಹೆಣೆದದ್ದೇ ನೈಲಾನ್.

ಹರ್ಕ್ಯುಲಿಸ್‌ನ ಜೆರಾಲ್ಡ್ ಕೀಮ್ ಅದೇ ಅಡಿಪಿಕ್ ಆಮ್ಲ ತೆಗೆದುಕೊಂಡರು. ಆದರೆ ಅಮೀನ್ ಬೇರೆ: ಡೈಎಥಿಲೀನ್ ಟ್ರೈಅಮೀನ್. ಇದರ ಎರಡು ತುದಿಯಲ್ಲಷ್ಟೇ ಅಲ್ಲ, ನಡುವೆಯೂ ಒಂದು ನೈಟ್ರೋಜನ್ ಇದೆ. ಸರಪಳಿ ಹೆಣೆದ ಮೇಲೂ ಆ ನಡುವಿನ ನೈಟ್ರೋಜನ್ ಖಾಲಿ ಕೈಯಲ್ಲಿ ಕೂತಿರುತ್ತದೆ. ಅದಕ್ಕೆ ಎಪಿಕ್ಲೋರೋಹೈಡ್ರಿನ್ ಎಂಬ ರಾಸಾಯನಿಕ ತಗುಲಿಸಿದರು. ಆಗ ನಾಲ್ಕು ಮೂಲೆಯ ಒಂದು ಸಣ್ಣ ಉಂಗುರ ಹುಟ್ಟುತ್ತದೆ. ಹೆಸರು ಅಜೆಟಿಡೀನಿಯಂ. ಬಲವಂತವಾಗಿ ಬಗ್ಗಿಸಿ ಕಟ್ಟಿದ ಬಿದಿರಿನ ಹಾಗೆ ಈ ಉಂಗುರ ಬಿಗಿಯಾಗಿರುತ್ತದೆ, ಬಿಡಿಸಿಕೊಳ್ಳಲು ಕಾಯುತ್ತಿರುತ್ತದೆ. ಅದರ ಮೇಲೆ ಪಾಸಿಟಿವ್ ಚಾರ್ಜ್ ಕೂಡ ಇರುತ್ತದೆ. ಪೇಟೆಂಟ್ ಸಿಕ್ಕಿದ್ದು 1960ರಲ್ಲಿ. ಕೈಮೀನ್ ಎಂಬ ಹೆಸರಲ್ಲಿ ಮಾರಾಟಕ್ಕೆ ಬಂತು.

ಇದರ ಚೆಂದ ನೋಡಿ. ನೈಲಾನ್ ನೀರಲ್ಲಿ ಕರಗುವುದಿಲ್ಲ, ಇದು ಕರಗುತ್ತದೆ. ಡ್ರಮ್ಮಿನಲ್ಲಿ ತಿಳಿ ಜೇನಿನ ಬಣ್ಣದ ದ್ರವವಾಗಿ ಬರುತ್ತದೆ. ಸಾವಿರಾರು ಲೀಟರ್ ಪಲ್ಪಿಗೆ ಸ್ವಲ್ಪ ಸುರಿದರೆ ಸಾಕು. ಸೆಲ್ಯುಲೋಸ್ ನಾರಿನ ಮೈಮೇಲೆ ಸ್ವಲ್ಪ ನೆಗೆಟಿವ್ ಚಾರ್ಜ್ ಇರುವುದರಿಂದ ಪಾಸಿಟಿವ್ ರೆಸಿನ್ ತಾನಾಗಿಯೇ ಹುಡುಕಿಕೊಂಡು ಹೋಗಿ ನಾರಿಗೆ ಹತ್ತುತ್ತದೆ. ಅಷ್ಟೊಂದು ನೀರಿದ್ದರೂ ನೀರಲ್ಲಿ ಹೆಚ್ಚು ಉಳಿಯುವುದಿಲ್ಲ. ಆಮೇಲೆ ಡ್ರೈಯರಿನ ಬಿಸಿಗೆ ಉಂಗುರಗಳು ಪಟಪಟ ಬಿಚ್ಚಿಕೊಂಡು, ಪಕ್ಕದ ಸರಪಳಿಯನ್ನೋ ನಾರನ್ನೋ ಗಟ್ಟಿಯಾಗಿ ಹಿಡಿಯುತ್ತವೆ. ಇದು ಹೈಡ್ರೋಜನ್ ಬಂಧದಂಥ ಮೆಲು ಹಿಡಿತ ಅಲ್ಲ, ನಿಜವಾದ ರಾಸಾಯನಿಕ ಬೆಸುಗೆ. ನೀರು ನುಗ್ಗಿದರೂ ಜಗ್ಗುವುದಿಲ್ಲ. ಕಾಗದ ಸುರುಳಿಯಾಗಿ ಗೋದಾಮು ಸೇರಿದ ಮೇಲೂ ಈ ಬೆಸುಗೆ ಕೆಲವು ದಿನ ನಡೆಯುತ್ತಲೇ ಇರುತ್ತದೆ! ಹುಳಿ ನೀರಿನ ಹಂಗೂ ಇಲ್ಲ. ಯಾಂಕಿ ಉರುಳೆಗೆ ಸಿಂಪಡಿಸುವ ಅಂಟುಗಳಲ್ಲೂ ಇದೇ ಕುಟುಂಬದವು ಎಷ್ಟೋ ಇವೆ. ಕಿಚನ್ ಟವೆಲ್ ಒದ್ದೆಯಾದರೂ, ಟೀ ಬ್ಯಾಗ್ ಕುದಿಯುವ ನೀರಲ್ಲೂ ಹರಿಯದೆ ಇರುವುದಕ್ಕೆ ಇಂಥ ರೆಸಿನ್‌ಗಳು ಕಾರಣ.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಎಪಿಕ್ಲೋರೋಹೈಡ್ರಿನ್ ಪೂರ್ತಿ ರೆಸಿನ್ ಆಗುವುದಿಲ್ಲ. ಸ್ವಲ್ಪ ಭಾಗ ಬೇಡದ ಕ್ಲೋರಿನ್ ಸಂಯುಕ್ತಗಳಾಗಿ ಉಳಿಯುತ್ತದೆ. ಇವುಗಳಲ್ಲಿ ಕೆಲವು ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಯಲ್ಲಿವೆ. ಇದನ್ನು ಕಡಿಮೆ ಮಾಡಲು ಕಂಪನಿಗಳು ವರ್ಷಗಟ್ಟಲೆ ದುಡಿದವು. ಅದರಲ್ಲಿ ನನಗೆ ತುಂಬಾ ಹಿಡಿಸಿದ ದಾರಿ ಬ್ಯಾಕ್ಟೀರಿಯಾದ್ದು. ರೆಸಿನ್ ತಯಾರಾದ ಮೇಲೆ ಆ ಕ್ಲೋರಿನ್ ಸಂಯುಕ್ತಗಳನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳನ್ನು ಅದಕ್ಕೆ ಬಿಡುತ್ತಾರೆ. ಅವು ರೆಸಿನ್ ಮುಟ್ಟದೆ ಕಸವನ್ನು ಮಾತ್ರ ತಿಂದು ಮುಗಿಸುತ್ತವೆ. ಹರ್ಕ್ಯುಲಿಸ್ ಇದನ್ನು ಕಾರ್ಖಾನೆ ಮಟ್ಟದಲ್ಲೇ ಮಾಡಿ ತೋರಿಸಿತು.

ಇನ್ನು ಟಾಯ್ಲೆಟ್ ಪೇಪರ್. ಇದಕ್ಕೆ ಬೇಕಾದದ್ದು ಇನ್ನೂ ನಾಜೂಕು. ಕೈಯಲ್ಲಿರುವಷ್ಟು ಹೊತ್ತು ಹರಿಯಬಾರದು, ಪೈಪಿಗೆ ಹೋದ ಮೇಲೆ ಹರಿಯಲೇಬೇಕು. ಎಷ್ಟೋ ಟಾಯ್ಲೆಟ್ ಪೇಪರಿಗೆ ಯಾವ ರೆಸಿನ್ನೂ ಹಾಕುವುದಿಲ್ಲ. ಹಾಕುವುದಾದರೆ ಸ್ವಲ್ಪ ಹೊತ್ತು ಮಾತ್ರ ಹಿಡಿದು ಆಮೇಲೆ ಬಿಡುವಂಥದ್ದು ಬೇಕು. ಅಮೆರಿಕನ್ ಸಯನಮಿಡ್ ಕಂಪನಿ 1971ರಲ್ಲಿ ಪೇಟೆಂಟ್ ಪಡೆದ ರೆಸಿನ್ ಅಂಥದ್ದು. ಪಾಲಿಅಕ್ರಿಲಮೈಡ್ ಸರಪಳಿಗೆ ಗ್ಲೈಆಕ್ಸಾಲ್ ಎಂಬ ಪುಟ್ಟ ಕಣವನ್ನು ಕೊಂಡಿಯ ಹಾಗೆ ಸಿಕ್ಕಿಸಿರುತ್ತಾರೆ. ಕಾಗದ ಒಣಗುವಾಗ ಆ ಕೊಂಡಿ ನಾರಿಗೆ ಸಿಕ್ಕಿಕೊಳ್ಳುತ್ತದೆ. ಆ ಬಂಧ ಹುಟ್ಟುವುದು ನೀರು ಹೊರಗೆ ಹೋದಾಗ, ಬಿಡುವುದು ನೀರು ಮತ್ತೆ ಒಳಗೆ ಬಂದಾಗ. ಬಿಡಲು ಮಾತ್ರ ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ. ಆ ಸ್ವಲ್ಪ ಸಮಯವೇ ನಮಗೆ ಬೇಕಾದದ್ದು.

ಪಾಲಿಅಕ್ರಿಲಮೈಡ್‌ಗೆ ಬೇಕಾದ ಅಕ್ರಿಲಮೈಡ್ ಕಥೆಯಲ್ಲೂ ಬ್ಯಾಕ್ಟೀರಿಯಾ ಬರುತ್ತದೆ. ಮೊದಲು ಇದನ್ನು ತಾಮ್ರದ ಸಹಾಯದಿಂದ, ಬಿಸಿ ಕೊಟ್ಟು ಮಾಡುತ್ತಿದ್ದರು. ಕ್ಯೋಟೋ ವಿಶ್ವವಿದ್ಯಾಲಯದ ಹಿದೇಆಕಿ ಯಮಾಡ ಮತ್ತು ಜೊತೆಗಾರರು ಅದೇ ಕೆಲಸವನ್ನು ತಣ್ಣಗಿನ ನೀರಲ್ಲೇ ಮಾಡುವ ಬ್ಯಾಕ್ಟೀರಿಯಾದ ಕಿಣ್ವವನ್ನು ಕಂಡುಕೊಂಡರು. 1985ರಲ್ಲಿ ಜಪಾನಿನ ನಿಟ್ಟೊ ಕೆಮಿಕಲ್ ಕಾರ್ಖಾನೆ ಈ ದಾರಿ ಹಿಡಿಯಿತು. ಔಷಧಿಯಂಥ ದುಬಾರಿ ಸರಕಿಗಷ್ಟೇ ಅಲ್ಲ, ಟನ್‌ಗಟ್ಟಲೆ ಬೇಕಾಗುವ ಅಗ್ಗದ ರಾಸಾಯನಿಕಕ್ಕೂ ಜೀವಾಣು ಸಾಕು ಎಂದು ತೋರಿಸಿದ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು.

ಬಿಡಬೇಕಾದದ್ದು ಬಿಡದಿದ್ದರೆ ಏನಾಗುತ್ತದೆ ಎಂಬುದನ್ನು ಲಂಡನ್ ನೋಡಿದೆ. 2017ರಲ್ಲಿ ವೈಟ್‌ಚಾಪೆಲ್ ಬೀದಿಯ ಕೆಳಗಿನ ಚರಂಡಿಯಲ್ಲಿ 250 ಮೀಟರ್ ಉದ್ದದ, 130 ಟನ್ ತೂಕದ ಗಡ್ಡೆ ಸಿಕ್ಕಿತು. ಅಡುಗೆ ಜಿಡ್ಡು ಮತ್ತು ವೆಟ್ ವೈಪ್ಸ್ ಸೇರಿ ಕಲ್ಲಿನಂತಾಗಿತ್ತು. ವೆಟ್ ವೈಪ್ಸ್ ಅಂತೂ ಕಿಚನ್ ಟವೆಲ್‌ಗಿಂತ ಕಷ್ಟ, ಅವುಗಳಲ್ಲಿ ಎಷ್ಟೋ ಪಾಲಿಯೆಸ್ಟರ್ ನಾರಿನವು. ನಮ್ಮ ಮನೆಯ ಟಾಯ್ಲೆಟ್ಟಿನಲ್ಲಿ ಈಗ ಮುಚ್ಚಳದ ಬುಟ್ಟಿಯೊಂದು ಬಂದಿದೆ.

ಕಿಟಕಿ ಪಕ್ಕದ ಎರಡನೇ ಲೋಟವನ್ನು ನಾನು ಹಾಗೇ ಬಿಟ್ಟಿದ್ದೆ. ನಾಲ್ಕನೇ ದಿನ ಟವೆಲ್ ಎತ್ತಿ, ಹಿಂಡಿ, ಒಲೆಯ ಪಕ್ಕ ಚೆಲ್ಲಿದ್ದ ಹಾಲು ಒರೆಸಿದೆ. ಹರಿಯಲಿಲ್ಲ. ಹೂವಿನ ಅಚ್ಚು ಮಾತ್ರ ಸ್ವಲ್ಪ ಮಾಸಿತ್ತು.