ಒಬ್ಬರೇ ಮಾಡಿದ ಮೊಬೈಲ್ ಗೇಮ್‌ಗೆ ಹೊರಗಿನವರ ಫೀಡ್‌ಬ್ಯಾಕ್: ಒಂದು ಅಧ್ಯಯನ ಟಿಪ್ಪಣಿ

ಒಬ್ಬರೇ ಕೂತು ಗೇಮ್ ಮಾಡುವವರಿಗೆ ತಮ್ಮ ಆಟದ ಮೂಲೆಮೂಲೆಯೂ ಗೊತ್ತಿರುತ್ತದೆ. ಮೊದಲ ಸಲ ಆಡುವವರಿಗೆ ಅದು ಹೇಗೆ ಕಾಣುತ್ತದೆ ಅನ್ನೋದು ಮಾತ್ರ ಅವರಿಗೆ ಗೊತ್ತಾಗೋದಿಲ್ಲ. ತಂಡದಲ್ಲಿ ಕೆಲಸ ಮಾಡುವಾಗ ಪಕ್ಕದವರಾದರೂ "ಇದೇನು?" ಅಂತ ಕೇಳುತ್ತಾರೆ. ಇಲ್ಲಿ ಕೇಳುವವರಿಲ್ಲ. ಹಾಗಾಗಿ ಆಟ ಆಡುವಂತಾದ ಕೂಡಲೇ, ಚಿತ್ರ-ಸಂಗೀತಕ್ಕೆಲ್ಲ ಕಾಯದೆ, ಹೊರಗಿನವರ ಕೈಗೆ ಫೋನ್ ಕೊಡಬೇಕು.

ಉದಾಹರಣೆಗೆ ಚೌಕಾಬಾರವನ್ನೇ ಇಟ್ಟುಕೊಳ್ಳೋಣ. 25 ಮನೆ, ನಾಲ್ಕು ಕವಡೆ. ಒಬ್ಬರ ಕೈಲಿ ಮೊಬೈಲ್‌ಗೆ ತರಬಹುದಾದ ಆಟ.

ಎಷ್ಟು ಜನ ಬೇಕು?

ಯೂಸಬಿಲಿಟಿ (ಬಳಸೋಕೆ ಎಷ್ಟು ಸುಲಭ ಅನ್ನೋದರ) ತಜ್ಞ ಜೇಕಬ್ ನೀಲ್ಸನ್ 2000ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಒಬ್ಬರಿಂದ ಸರಾಸರಿ ಶೇ 31ರಷ್ಟು ತೊಂದರೆಗಳು ಹೊರಬೀಳುತ್ತವೆ ಅಂದುಕೊಂಡರೆ, ಶೇ 69ರಷ್ಟು ಉಳಿಯುತ್ತವೆ. 0.69ನ್ನು ಐದು ಸಲ ಗುಣಿಸಿದರೆ ಸುಮಾರು 0.16. ಅಂದ್ರೆ ಐದು ಜನ ಆಡಿದರೆ ಶೇ 85ರ ಹತ್ತಿರ ಸಿಕ್ಕಿಬಿಡುತ್ತವೆ. ಹದಿನೈದು ಜನ ಇದ್ದರೆ ಎಲ್ಲರನ್ನೂ ಒಂದೇ ಸಲ ಕೂರಿಸಬೇಡಿ, ಐದೈದು ಜನರಂತೆ ಮೂರು ಸುತ್ತು ಮಾಡಿ, ನಡುನಡುವೆ ಸರಿಪಡಿಸಿ ಅನ್ನೋದು ಅವರ ಸಲಹೆ.

ಆದರೆ ಈ ಲೆಕ್ಕ "ಅರ್ಥ ಆಯ್ತಾ, ಆಡೋಕೆ ಬಂತಾ" ಅನ್ನೋದಕ್ಕೆ ಮಾತ್ರ. ಆಟ ಮಜಾ ಕೊಡುತ್ತಾ, ಒಂದು ವಾರದ ಮೇಲೂ ತೆರೀತಾರಾ ಅಂತ ತಿಳಿಯೋಕೆ ಐದು ಜನ ಸಾಲದು. ಮನೆಯವರು, ಗೆಳೆಯರು "ಸೂಪರ್ ಕಣೋ" ಅನ್ನುತ್ತಾರೆ. ಅದು ನಿಮ್ಮ ಮೇಲಿನ ಪ್ರೀತಿ, ಆಟದ ಬಗ್ಗೆ ಅದರಿಂದ ಏನೂ ತಿಳಿಯೋದಿಲ್ಲ. ಚೌಕಾಬಾರ ಆಡಿ ಬೆಳೆದವರು ಕೆಲವರು, ಕವಡೆಯನ್ನೇ ಮುಟ್ಟದವರು ಕೆಲವರು ಇರಲಿ.

ಪಕ್ಕದಲ್ಲಿ ಕೂತು ನೋಡುವುದು

ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಕಲಿಯೋದು ಇಲ್ಲೇ. "ಆಡಿ, ಮನಸ್ಸಿಗೆ ಬಂದದ್ದನ್ನ ಬಾಯಿಬಿಟ್ಟು ಹೇಳ್ತಾ ಇರಿ" ಅಂತ ಹೇಳಿ ಫೋನ್ ಕೊಡಿ. ಆಮೇಲೆ ನೀವು ಸುಮ್ನೆ ಇರಬೇಕು.

ಬೆರಳನ್ನು ನೋಡಿ. ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದವು, ಚೌಕ, ಅಂದ್ರೆ ನಾಲ್ಕು. ಈಗ ನಡೆಸಬೇಕಾದ ಕಾಯಿಯನ್ನು ಒತ್ತಬೇಕು ಅಂತ ನೀವು ಅಂದುಕೊಂಡಿದ್ದೀರಿ. ಆಡುವವರು ಕಾಯಿ ಹೋಗಿ ಕೂರಬೇಕಾದ ಮನೆಯನ್ನು ಒತ್ತುತ್ತಾರೆ. ಏನೂ ಆಗಲ್ಲ. ಇನ್ನೊಮ್ಮೆ ಒತ್ತುತ್ತಾರೆ, ಸ್ವಲ್ಪ ಗಟ್ಟಿಯಾಗಿ. ಆಮೇಲೆ ಮತ್ತೆ ಕವಡೆ ಮೇಲೆ ಒತ್ತುತ್ತಾರೆ. "ಕಾಯಿ ಮುಟ್ಟಿ" ಅಂತ ಹೇಳಲು ನಾಲಿಗೆ ತುದಿಗೆ ಬಂದಿರುತ್ತದೆ. ದಯವಿಟ್ಟು ಹೇಳಬೇಡಿ. ನಾಳೆ ಡೌನ್‌ಲೋಡ್ ಮಾಡಿಕೊಂಡವರ ಪಕ್ಕದಲ್ಲಿ ನೀವು ಇರೋದಿಲ್ಲ.

ಆಟ ಮುಗಿದ ಮೇಲೆ "ಹೇಗಿತ್ತು?" ಅಂದ್ರೆ ಅದೇ ಮನುಷ್ಯರು "ಚೆನ್ನಾಗಿದೆ, ಎಲ್ಲ ಅರ್ಥ ಆಯ್ತು" ಅನ್ನುತ್ತಾರೆ. ಅವರೇನೂ ಸುಳ್ಳು ಹೇಳುತ್ತಿಲ್ಲ. ಒಂದು ಸಂಕೋಚ, ಇನ್ನೊಂದು ತಪ್ಪು ತಮ್ಮದೇ ಅನ್ನುವ ಭಾವನೆ. ಅದಕ್ಕೇ ಆದದ್ದನ್ನು ಕೇಳಿ. "ಆ ಮನೆ ಒತ್ತಿದಾಗ ಏನಾಗುತ್ತೆ ಅಂದುಕೊಂಡ್ರಿ?" "ಎಲ್ಲಿ ಸಾಕು ಅನ್ನಿಸ್ತು?" ಟಿಪ್ಪಣಿಯಲ್ಲೂ ನೋಡಿದ್ದನ್ನಷ್ಟೇ ಬರೆದುಕೊಳ್ಳಿ: "ಖಾಲಿ ಮನೆ ಎರಡು ಸಲ ಒತ್ತಿದರು." "ಗೊಂದಲ ಆಯ್ತು" ಅಂತ ಬರೆದರೆ ಅದು ಆಗಲೇ ನಿಮ್ಮ ಊಹೆ.

ಒಬ್ಬೊಬ್ಬರು ಒಂದೊಂದು ಹೇಳಿದಾಗ

ಚೌಕಾಬಾರದಲ್ಲಿ ಈ ಪಾಠ ಚೆನ್ನಾಗಿ ಸಿಗುತ್ತದೆ, ಯಾಕಂದ್ರೆ ಮನೆಗೊಂದು ನಿಯಮ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಬಿಡಬಾರದು ಅಂತ ಒಬ್ಬರು. ಕಾಯಿ ಇಳಿಸೋಕೆ ಚೌಕವೋ ಬಾರವೋ (ನಾಲ್ಕೂ ಬೋರಲು ಬಿದ್ದರೆ ಬಾರ, ಅಂದ್ರೆ ಎಂಟು) ಬೀಳಲೇಬೇಕು ಅಂತ ಇನ್ನೊಬ್ಬರು. ಇಬ್ಬರೂ "ನಿಮ್ಮ ಆಟವೇ ತಪ್ಪು" ಅನ್ನುತ್ತಾರೆ, ಅವರವರ ಮನೆಯ ಮಟ್ಟಿಗೆ ಇಬ್ಬರದ್ದೂ ಸರಿಯೇ.

ಎಲ್ಲದಕ್ಕೂ ಸೆಟ್ಟಿಂಗ್ಸ್‌ನಲ್ಲಿ ಒಂದೊಂದು ಸ್ವಿಚ್ ಕೊಟ್ಟುಬಿಡೋಣ ಅನ್ನಿಸುತ್ತದೆ, ಅಲ್ವಾ? ಮೂರು ಸ್ವಿಚ್ ಅಂದ್ರೆ ಎಂಟು ಬಗೆಯ ಆಟ. ಐದಾದರೆ 32. ಅಷ್ಟನ್ನೂ ಪರೀಕ್ಷಿಸಬೇಕಾದವರು ನೀವೊಬ್ಬರೇ. ಎರಡೂ ದೂರನ್ನು ಒಟ್ಟಿಗೆ ಇಟ್ಟು ನೋಡಿ. ಆಟ ಶುರುವಾಗುವ ಮೊದಲು ಯಾವ ನಿಯಮ ಅಂತ ಹೇಳಲೇ ಇಲ್ಲ, ಅರ್ಧ ಆಟದಲ್ಲಿ ಗೊತ್ತಾಗಿ ಸಿಟ್ಟು ಬಂತು. ಇಬ್ಬರಿಗೂ ನೋವಾದದ್ದು ಇದೇ ಜಾಗದಲ್ಲಿ. ಮೊದಲ ಪರದೆಯಲ್ಲಿ ಎರಡು ಸಾಲಿನ ನಿಯಮ ಹಾಕಿದರೆ ಅರ್ಧ ಜಗಳ ಮುಗಿಯುತ್ತದೆ. ಎಲ್ಲಿ ತೊಂದರೆ ಆಯ್ತು ಅಂತ ಆಡುವವರು ಹೇಳಿದರೆ ನಂಬಿ. ಪರಿಹಾರ ಮಾತ್ರ ನೀವೇ ಯೋಚಿಸಿ.

ಪ್ಲೇ ಸ್ಟೋರ್‌ನ 14 ದಿನ

2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಗಳಿಗೆ ಗೂಗಲ್ ಒಂದು ನಿಯಮ ಹಾಕಿದೆ. ಗೇಮ್ ಬಿಡುಗಡೆಗೆ ಅರ್ಜಿ ಹಾಕುವ ಮೊದಲು ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ (ನೀವು ಕರೆದವರಷ್ಟೇ ಆಡಿ ನೋಡುವ ಹಂತ) ಕನಿಷ್ಠ 12 ಜನ 14 ದಿನ ಬಿಡದೆ ಇರಬೇಕು. ಶುರುವಿನಲ್ಲಿ ಇದು 20 ಜನ ಇತ್ತು, 2024ರ ಡಿಸೆಂಬರ್‌ನಲ್ಲಿ ಇಳಿಸಿದರು. ನಡುವೆ ಯಾರಾದರೂ ಬಿಟ್ಟುಹೋಗಬಹುದು, ಹಾಗಾಗಿ ಜಾಸ್ತಿ ಜನರನ್ನೇ ಸೇರಿಸಿಕೊಳ್ಳಿ.

"ನಿನ್ನದು ನಾನು ಇನ್‌ಸ್ಟಾಲ್ ಮಾಡ್ತೀನಿ, ನನ್ನದು ನೀನು ಮಾಡು" ಅನ್ನುವ ಕೊಡುಕೊಳ್ಳುವಿಕೆಯಲ್ಲಿ ಸಂಖ್ಯೆ ತುಂಬುತ್ತದೆ, ಆಟ ಯಾರೂ ಆಡೋದಿಲ್ಲ. ಎರಡು ವಾರ ಸುಮ್ನೆ ಹಾಳು. ಈ ಹಂತದಲ್ಲಿ ಬರುವ ಅಭಿಪ್ರಾಯ ನಿಮಗೆ ಮಾತ್ರ ಕಾಣುತ್ತದೆ, ಸ್ಟೋರ್ ರೇಟಿಂಗ್‌ಗೆ ಸೇರೋದಿಲ್ಲ. ಖಾರವಾದ ಮಾತು ಕೇಳಿಸಿಕೊಳ್ಳೋಕೆ ಇದಕ್ಕಿಂತ ಒಳ್ಳೆ ಹೊತ್ತು ಇಲ್ಲ. ಐಫೋನ್‌ಗೆ ಟೆಸ್ಟ್‌ಫ್ಲೈಟ್ ಅನ್ನುವ ಆಪಲ್‌ನ ಪರೀಕ್ಷಾ ಆ್ಯಪ್ ಇದೆ: ಹೊರಗಿನ 10,000 ಜನರವರೆಗೆ ಕರೆಯಬಹುದು, ಒಂದು ಬಿಲ್ಡ್ (ಆಟದ ಒಂದು ಆವೃತ್ತಿ) 90 ದಿನ ನಡೆಯುತ್ತದೆ.

14 ದಿನ ಮುಗಿದ ಮೇಲೆ ಗೂಗಲ್‌ನ ಅರ್ಜಿಯಲ್ಲಿ ಪರೀಕ್ಷೆ ಹೇಗೆ ನಡೆಯಿತು, ಯಾವ ಫೀಡ್‌ಬ್ಯಾಕ್ ಬಂತು, ಅದರಿಂದ ಏನು ಬದಲಿಸಿದಿರಿ ಅಂತ ಕೇಳುತ್ತಾರೆ. ಅದಕ್ಕೆ ಮೊದಲ ದಿನವೇ ಒಂದು ಶೀಟ್ ತೆರೆದಿಡಿ: ದಿನಾಂಕ, ಬಿಲ್ಡ್ ನಂಬರ್, ಫೋನ್ ಮಾಡೆಲ್, ಏನಾಯಿತು, ಏನು ಬದಲಿಸಿದ್ದು.