ಚಿಪ್ ಕುಗ್ಗಿದರೆ ಯಂತ್ರದ ಆರ್ಡರ್ ಮಕಾಡೆ

2021ರಲ್ಲಿ ಬೆಳಗಾವಿಯ ಉದ್ಯಮಬಾಗದ ಒಂದು ಶೆಡ್‌ಗೆ ಹೋಗಿದ್ದೆ. ಲೋಹ ಕಡೆಯುವ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇಥಿನ ಕಂಟ್ರೋಲ್ ಬೋರ್ಡ್ ಸುಟ್ಟಿತ್ತು. ಮಷಿನ್‌ಗೆ ಗೋಣಿಚೀಲ ಹೊದಿಸಿ, ಮೇಲೆ ಊಟದ ಡಬ್ಬಿ ಇಟ್ಟಿದ್ದರು. ಬೋರ್ಡ್ ಯಾವಾಗ ಬರುತ್ತೆ ಅಂತ ಕೇಳಿದೆ. "ಚಿಪ್ ಇಲ್ಲಂತ್ರಿ, ಏನ್ ಮಾಡೋದು?" ಅಂದರು ಮಾಲೀಕರು.

ಇಲ್ಲದಿದ್ದರೆ ಜಾಸ್ತಿ ಮಾಡಬಹುದಲ್ವಾ? ಮಾಡಬಹುದು. ಅದಕ್ಕೆ ಯಂತ್ರ ಬೇಕು. ಆ ಯಂತ್ರಗಳ ಮಾರುಕಟ್ಟೆಯೇ ಒಂದು ವಿಚಿತ್ರ.

ಕಬ್ಬಿನ ಸೀಮೆಯ ನಮಗೆ ಇದು ಬೇಗ ಅರ್ಥವಾಗುತ್ತದೆ. ಸಕ್ಕರೆಗೆ ರೇಟ್ ಬಂದರೆ ಕಾರ್ಖಾನೆಗಳೆಲ್ಲ ಹೊಸ ಮಿಲ್ ಕೂರಿಸಲು ಹೊರಡುತ್ತವೆ. ರೇಟ್ ಬಿದ್ದರೆ ಸಕ್ಕರೆ ಮಾರುವುದೇನೂ ನಿಲ್ಲುವುದಿಲ್ಲ. ಹೊಸ ಮಿಲ್ಲಿನ ಆರ್ಡರ್ ಮಾತ್ರ ನಿಲ್ಲುತ್ತದೆ, ಇದ್ದದ್ದೇ ಸಾಕಲ್ಲ! 2009ರಲ್ಲಿ ಹೀಗೇ ಆಯಿತು. ಜಗತ್ತಿನ ಚಿಪ್ ಮಾರಾಟ ಶೇ 9ರಷ್ಟು ಕುಗ್ಗಿತು, ಅಷ್ಟೇ. ಚಿಪ್ ಮಾಡುವ ಯಂತ್ರಗಳ ಮಾರಾಟ ಸುಮಾರು 2,950 ಕೋಟಿ ಡಾಲರ್‌ನಿಂದ 1,600 ಕೋಟಿಗೆ ಕುಸಿಯಿತು. ಮರುವರ್ಷ 3,900 ಕೋಟಿ ದಾಟಿತು. ಇಂಥ ಜೋಕಾಲಿ ಮೇಲೆ ಕೂತು ಫ್ಯಾಕ್ಟರಿ ನಡೆಸುವುದು ಹೇಗೆ?

ಚಿಪ್ ಮಾಡುವ ಯಂತ್ರ ತಯಾರಿಸುವ ನೆದರ್ಲೆಂಡ್ಸ್‌ನ ಎಎಸ್‌ಎಂಎಲ್‌ಗೆ ಈ ಪ್ರಶ್ನೆ ಜೋರಾಗಿಯೇ ಎದುರಾಯಿತು. 1984ರಲ್ಲಿ ಹುಟ್ಟಿದ ಈ ಕಂಪನಿ ಇಯುವಿ ಎಂಬ ಹೊಸ ಯಂತ್ರದ ಬೆನ್ನು ಹತ್ತಿತ್ತು. ಕರಗಿದ ತವರದ ಹನಿಗಳು ಸೆಕೆಂಡಿಗೆ 50,000ದಂತೆ ಹಾರುತ್ತವೆ. ಒಂದೊಂದಕ್ಕೂ ಲೇಸರ್ ಏಟು. ಆಗ ಹುಟ್ಟುವ ಬೆಳಕಿನಲ್ಲಿ ಚಿಪ್‌ನ ಗೆರೆಗಳು ಮೂಡಬೇಕು. ಸುಮ್ನೆ ಆಗುವ ಕೆಲಸವಲ್ಲ, ಹಣ ನೀರಿನಂತೆ ಹರಿಯಿತು. 2012ರಲ್ಲಿ ಚಿಪ್ ಮಾಡುವ ಗಿರಾಕಿಗಳೇ ಶೇರು ಕೊಂಡರು: ಇಂಟೆಲ್ ಶೇ 15, ತೈವಾನ್‌ನ ಟಿಎಸ್‌ಎಂಸಿ ಶೇ 5, ಸ್ಯಾಮ್‌ಸಂಗ್ ಶೇ 3. ನಮ್ಮ ಸಹಕಾರಿ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಹಾಕುವ ರೈತರೇ ಶೇರುದಾರರಾಗಿರುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಯಂತ್ರ ಗೆದ್ದಿತು. ಇವತ್ತಿಗೂ ಇಯುವಿ ಯಂತ್ರ ಮಾರುವುದು ಇದೊಂದೇ ಕಂಪನಿ.

ಮಾರುವವರು ಒಬ್ಬರೇ ಆದಾಗ ಸರ್ಕಾರಗಳ ಕಣ್ಣು ಬೀಳದೆ ಇರುತ್ತದೆಯೇ? ಚೀನಾಕ್ಕೆ ಇಯುವಿ ಯಂತ್ರ ಕಳಿಸಲು ಡಚ್ ಸರ್ಕಾರ ಲೈಸೆನ್ಸ್ ಕೊಡಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಅಮೆರಿಕ ಇನ್ನೂ ಹಲವು ಯಂತ್ರಗಳಿಗೆ ಕಡಿವಾಣ ಹಾಕಿತು.

ಹಳೇ ಲೆಕ್ಕ ತಪ್ಪಿದ್ದು ಇದಾದ ಮೇಲೆ. 2023ರಲ್ಲಿ ಚಿಪ್ ಮಾರಾಟ ಶೇ 8ರಷ್ಟು ಇಳಿಯಿತು. 2009ರ ಪ್ರಕಾರ ಯಂತ್ರದ ಮಾರುಕಟ್ಟೆ ನೆಲ ಕಚ್ಚಬೇಕಿತ್ತು. ಇಳಿದದ್ದು ಶೇ 1ರ ಆಸುಪಾಸು. ಬೇರೆಯವರು ಕೈ ಹಿಂದೆಳೆದುಕೊಂಡಾಗ ಚೀನಾ ಒಂದೇ 3,600 ಕೋಟಿ ಡಾಲರ್‌ಗೂ ಜಾಸ್ತಿ ಬೆಲೆಯ ಯಂತ್ರಗಳನ್ನು ಕೊಂಡಿತ್ತು. ಎಲ್ಲವೂ ಆಗಲೇ ಬೇಕಿದ್ದವೇನಲ್ಲ. ನಾಳೆ ಸಿಗದೇ ಹೋದರೆ ಎಂಬ ಭಯವೂ ಅದರಲ್ಲಿತ್ತು ಅಂತ ನನಗನ್ನಿಸುತ್ತದೆ.

ಉದ್ಯಮಬಾಗದ ಆ ಲೇಥಿಗೆ ನಾಲ್ಕನೇ ತಿಂಗಳಿಗೆ ಬೋರ್ಡ್ ಬಂತು. ಮಾಲೀಕರು ಎರಡು ತರಿಸಿದ್ದರು. ಒಂದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ.