ಪೌರತ್ವಕ್ಕೆ ಯಹೂದಿ, ಮದುವೆಗೆ ಅನುಮಾನ: ಬೆನೆ ಇಸ್ರೇಲಿಗಳಿಗೆ ಹೀಗಾಗಿದ್ದು ಯಾಕೆ

1962ರ ಫೆಬ್ರವರಿಯಲ್ಲಿ ಇಸ್ರೇಲ್‌ನ ಚೀಫ್ ರಬ್ಬಿನೇಟ್, ಅಂದ್ರೆ ಅಲ್ಲಿನ ಯಹೂದಿಗಳ ಮದುವೆ, ಡಿವೋರ್ಸ್ ಎಲ್ಲಾ ನೋಡ್ಕೊಳ್ಳೋ ಅಧಿಕೃತ ಧಾರ್ಮಿಕ ಸಂಸ್ಥೆ, ಮದುವೆ ರಿಜಿಸ್ಟರ್ ಮಾಡೋ ರಬ್ಬಿಗಳಿಗೆಲ್ಲ, ಅಂದ್ರೆ ಯಹೂದಿ ಧರ್ಮಗುರುಗಳಿಗೆಲ್ಲ, ಒಂದು ಸೂಚನೆ ಕಳಿಸ್ತು. ಬೆನೆ ಇಸ್ರೇಲ್ ಸಮುದಾಯದ ಹುಡುಗನೋ ಹುಡುಗಿಯೋ ಬೇರೆ ಯಹೂದಿ ಸಮುದಾಯದವರನ್ನ ಮದುವೆ ಆಗ್ತೀನಿ ಅಂತ ಬಂದ್ರೆ ಅವರ ತಾಯಿ ಯಹೂದಿನಾ, ತಾಯಿಯ ತಾಯಿ ಯಹೂದಿನಾ ಅಂತ ಎಷ್ಟು ತಲೆಮಾರು ಹಿಂದಕ್ಕೆ ಹೋಗೋಕಾಗುತ್ತೋ ಅಷ್ಟೂ ಹೋಗಿ ವಿಚಾರಿಸಬೇಕು, ಜೊತೆಗೆ ಮನೆತನದಲ್ಲಿ ಡಿವೋರ್ಸ್ ಆಗಿ ಮತ್ತೆ ಮದುವೆ ಆದವರು ಇದ್ರಾ, ಧರ್ಮ ಒಪ್ಪದ ಸಂಬಂಧದಲ್ಲಿ ಮದುವೆ ಆಗಿತ್ತಾ ಅಂತಾನೂ ನೋಡಬೇಕು ಅನ್ನೋದು ಅದರ ಸಾರಾಂಶ. ಸಮುದಾಯದ ಹೆಸರು ಹಿಡಿದೇ ಬರೆದಿದ್ರು.

ಈ ಬೆನೆ ಇಸ್ರೇಲಿಗಳು ಬೇರೆ ಯಾರೂ ಅಲ್ಲ, ನಮ್ಮ ಪಕ್ಕದ ಕೊಂಕಣ ಕರಾವಳಿಯವರು. ಮನೆಮಾತು ಮರಾಠಿ. ಮುಂಬೈ ಪಕ್ಕದ ಅಲಿಬಾಗ್, ಪೆಣ್, ರೇವದಂಡಾ ಕಡೆ ಹಳ್ಳಿಗಳಲ್ಲಿ ಗಾಣದಲ್ಲಿ ಎಣ್ಣೆ ತೆಗೀತಿದ್ರು, ಶನಿವಾರ ಮಾತ್ರ ಗಾಣ ಮುಟ್ಟುತ್ತಿರಲಿಲ್ಲ, ಅದಕ್ಕೇ ಅಕ್ಕಪಕ್ಕದವರು ಇವರನ್ನ ಶನಿವಾರ ತೇಲಿ ಅಂತ ಕರೀತಿದ್ರು. ಹಡಗು ಒಡೆದು ನವಗಾಂವ್ ಹತ್ತಿರ ದಡ ಸೇರಿದ ಏಳು ಗಂಡಸರು ಏಳು ಹೆಂಗಸರಿಂದ ತಮ್ಮ ಕುಲ ಶುರುವಾಯ್ತು ಅನ್ನೋದು ಅವರ ನಂಬಿಕೆ. ಧರ್ಮಗ್ರಂಥಗಳೆಲ್ಲ ಸಮುದ್ರಪಾಲಾದವು, ಆದ್ರೆ ಶೆಮಾ ಅನ್ನೋ ಒಂದು ಪ್ರಾರ್ಥನೆಯ ಮೊದಲ ಸಾಲು, ಗಂಡುಮಕ್ಕಳಿಗೆ ಎಂಟನೇ ದಿನ ಮಾಡೋ ಸುನ್ನತಿ, ಶನಿವಾರದ ಬಿಡುವು, ಊಟದ ನಿಯಮ ಇಷ್ಟನ್ನ ಮಾತ್ರ ಬಿಡದೆ ಉಳಿಸಿಕೊಂಡ್ರು. ಡೇವಿಡ್ ರಹಾಬಿ ಅನ್ನೋ ಒಬ್ಬ ಯಹೂದಿ ಹೊರಗಿನಿಂದ ಬಂದು ಇವರು ನಿಜವಾಗ್ಲೂ ಯಹೂದಿಗಳಾ ಅಂತ ಪರೀಕ್ಷೆ ಮಾಡೋಕೆ ಹೆಂಗಸರ ಕೈಗೆ ತರಾವರಿ ಮೀನು ಕೊಟ್ಟನಂತೆ, ಅವರು ರೆಕ್ಕೆ ಪೊರೆ ಇಲ್ಲದ ಮೀನನ್ನೆಲ್ಲ ಇದು ನಾವು ತಿನ್ನಲ್ಲ ಅಂತ ಪಕ್ಕಕ್ಕೆ ಇಟ್ಟರಂತೆ, ಇದು ಆ ಸಮುದಾಯದಲ್ಲಿ ಇವತ್ತಿಗೂ ಹೇಳೋ ಕಥೆ. ಹರಕೆ ಹೊತ್ತಾಗ ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಅವಲಕ್ಕಿ, ತೆಂಗಿನಕಾಯಿ ತುರಿ, ಹಣ್ಣು ಬೆರೆಸಿ ಮಲಿದಾ ಮಾಡೋದು ಇವರದ್ದೇ ಪದ್ಧತಿ.

ಕರ್ನಾಟಕಕ್ಕೂ ಇವರಿಗೂ ನಂಟಿದೆ. ಈಸ್ಟ್ ಇಂಡಿಯಾ ಕಂಪನಿ ಸೈನ್ಯದಲ್ಲಿದ್ದ ಸಾಮುಯೆಲ್ ಎಜೆಕಿಯಲ್ ದಿವೇಕರ್ ಮೈಸೂರು ಯುದ್ಧದಲ್ಲಿ ಟಿಪ್ಪು ಸೈನ್ಯಕ್ಕೆ ಸೆರೆ ಸಿಕ್ಕಿ, ಜೀವ ಉಳಿಸಿಕೊಂಡು ವಾಪಸ್ ಹೋಗಿ 1796ರಲ್ಲಿ ಬಾಂಬೆಯ ಮೊದಲ ಸಿನಗಾಗ್, ಅಂದ್ರೆ ಯಹೂದಿಗಳ ಪ್ರಾರ್ಥನಾಮಂದಿರ, ಕಟ್ಟಿಸಿದ. ಇಸ್ರೇಲಿನ ಮಕ್ಕಳು ಅನ್ನೋ ಹೆಸರು ಕೇಳಿ ಟಿಪ್ಪುವಿನ ತಾಯಿ, ಇವರ ಮಾತು ಕುರಾನ್‌ನಲ್ಲಿ ಬರುತ್ತೆ, ಬಿಟ್ಬಿಡು ಅಂದಳು ಅಂತ ಅವರಲ್ಲಿ ಹೇಳ್ತಾರೆ. ಬಾಂಬೆಯ ಕಾಮಾ ಆಸ್ಪತ್ರೆ ನಡೆಸಿದ, 1966ರಲ್ಲಿ ಪದ್ಮಶ್ರೀ ಪಡೆದ ಡಾಕ್ಟರ್ ಜೆರುಶಾ ಝಿರಾದ್ ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ, ಅವರೂ ಬೆನೆ ಇಸ್ರೇಲ್.

ಇಷ್ಟು ಶತಮಾನ ಈ ನೆಲದಲ್ಲಿ ಯಹೂದಿಗಳು ಅನ್ನೋ ಕಾರಣಕ್ಕೆ ಅವರನ್ನ ಯಾರೂ ಓಡಿಸಲಿಲ್ಲ, ಅದನ್ನ ಅವರೇ ಹೆಮ್ಮೆಯಿಂದ ಹೇಳ್ಕೊಳ್ತಾರೆ. ಹಾಗಂತ ಇಲ್ಲಿ ಎಲ್ಲಾ ಸರಿ ಇತ್ತು ಅನ್ನೋದು ತಪ್ಪಾಗುತ್ತೆ. ಬಾಂಬೆಗೆ ವ್ಯಾಪಾರಕ್ಕೆ ಬಂದ ಬಾಗ್ದಾದಿ ಯಹೂದಿಗಳು ಇವರನ್ನ ಸರಿಸಮ ಅಂತ ನೋಡ್ತಿರಲಿಲ್ಲ, ಹೆಣ್ಣು ಗಂಡು ಕೊಟ್ಟು ತಗೊಳ್ಳೋದಂತೂ ದೂರದ ಮಾತು. ಇನ್ನು ಬೆನೆ ಇಸ್ರೇಲಿಗಳ ಒಳಗೇ ಗೋರಾ ಇಸ್ರೇಲ್, ಕಾಳಾ ಇಸ್ರೇಲ್ ಅಂತ ಎರಡು ಗುಂಪು ಇತ್ತು, ಯಹೂದಿಯಲ್ಲದ ತಾಯಂದಿರ ಸಂತಾನ ಅಂತ ಎರಡನೆಯವರನ್ನ ದೂರ ಇಡ್ತಿದ್ರು. ಕೊಚ್ಚಿಯಲ್ಲೂ ಬಿಳಿ ಯಹೂದಿಗಳ ಪರದೇಸಿ ಸಿನಗಾಗ್‌ನಲ್ಲಿ ಸಮಾನ ಜಾಗಕ್ಕಾಗಿ ಎ. ಬಿ. ಸಾಲೆಂ ಅನ್ನೋ ವಕೀಲರು ಗಾಂಧೀಜಿ ದಾರಿಯಲ್ಲಿ ಸತ್ಯಾಗ್ರಹ ಮಾಡಬೇಕಾಯ್ತು. ಜಾತಿ ನಮ್ಮ ಗಾಳಿಯಲ್ಲೇ ಇರೋ ವಿಷ, ಅದು ಯಾವ ಧರ್ಮವನ್ನೂ ಬಿಟ್ಟಿಲ್ಲ.

1948ರಲ್ಲಿ ಇಸ್ರೇಲ್ ಹುಟ್ಟಿದಾಗ ಭಾರತದಲ್ಲಿ ಸುಮಾರು 20,000 ಬೆನೆ ಇಸ್ರೇಲಿಗಳು ಇದ್ರು. 1950ರ ಜುಲೈನಲ್ಲಿ ಅಲ್ಲಿನ ಸಂಸತ್ತು, ಅಂದ್ರೆ ಕ್ನೆಸೆಟ್, ಮರಳುವ ಹಕ್ಕಿನ ಕಾನೂನು ಪಾಸ್ ಮಾಡ್ತು, ಪ್ರಪಂಚದ ಯಾವ ಮೂಲೆಯಲ್ಲಿರೋ ಯಹೂದಿ ಆದ್ರೂ ಬಂದು ನೆಲೆಸಬಹುದು ಅಂತ. ಯಹೂದಿ ಅಂದ್ರೆ ಯಾರು ಅಂತ ಮಾತ್ರ ಆ ಕಾನೂನಿನಲ್ಲಿ ಬರೀಲೇ ಇಲ್ಲ. ಇದು ಮರೆತು ಬಿಟ್ಟಿದ್ದಲ್ಲ, ಬರೆಯೋಕೆ ಕೂತಿದ್ರೆ ಸರ್ಕಾರವೇ ಒಡೆದು ಹೋಗ್ತಿತ್ತು. ದೇಶ ಹುಟ್ಟೋಕೆ ಒಂದು ವರ್ಷ ಮೊದಲು, 1947ರ ಜೂನ್‌ನಲ್ಲಿ, ಆಮೇಲೆ ಇಸ್ರೇಲಿನ ಮೊದಲ ಪ್ರಧಾನಿ ಆದ ಬೆನ್ ಗುರಿಯನ್ ಕಟ್ಟಾ ಸಂಪ್ರದಾಯಸ್ಥರ ಅಗುದಾತ್ ಇಸ್ರೇಲ್ ಪಕ್ಷಕ್ಕೆ ಒಂದು ಪತ್ರ ಬರೆದು ಶನಿವಾರ ರಜೆ, ಸರ್ಕಾರಿ ಅಡುಗೆಮನೆಯಲ್ಲಿ ಧರ್ಮಸಮ್ಮತ ಊಟ, ಮದುವೆ ವಿಷಯದಲ್ಲಿ ಧಾರ್ಮಿಕರ ಬೇಡಿಕೆಗೆ ಗೌರವ ಅಂತ ಮಾತು ಕೊಟ್ಟಾಗಿತ್ತು. ಆ ಮಾತಿಗೆ ತಕ್ಕ ಹಾಗೆ 1953ರಲ್ಲಿ ಇನ್ನೊಂದು ಕಾನೂನು ಬಂತು: ಇಸ್ರೇಲ್‌ನಲ್ಲಿ ಯಹೂದಿಗಳ ಮದುವೆ, ಡಿವೋರ್ಸ್ ಎರಡೂ ರಬ್ಬಿಗಳ ಕೋರ್ಟಿಗೇ ಸೇರಿದ್ದು. ಅದರ ಬೇರು ಇನ್ನೂ ಹಿಂದಿನದು, ಆಟೋಮನ್ ತುರ್ಕರ ಕಾಲದಲ್ಲಿ ಆಯಾ ಧರ್ಮದವರ ಮದುವೆ ಆಯಾ ಧರ್ಮದ ಮುಖಂಡರೇ ನೋಡ್ಕೊಳ್ಳೋ ಪದ್ಧತಿ ಇತ್ತು, ಬ್ರಿಟಿಷರು ಅದನ್ನೇ ಮುಂದುವರಿಸಿದ್ರು, ಇಸ್ರೇಲ್ ಕೂಡ.

ಎಲ್ಲಾ ತೊಂದರೆ ಶುರುವಾಗೋದು ಈ ಎರಡು ಕಾನೂನಿನ ಮಧ್ಯೆ. ಒಂದು ಕಾನೂನಿನಲ್ಲಿ ಯಹೂದಿ ಯಾರು ಅಂತ ನೋಡೋದು ಸರ್ಕಾರ, ಇನ್ನೊಂದರಲ್ಲಿ ರಬ್ಬಿ, ಇಬ್ಬರ ಅಳತೆಯೂ ಬೇರೆ ಬೇರೆ. ಏರ್‌ಪೋರ್ಟಲ್ಲಿ ಇಳಿದಾಗ ನೀನು ನಮ್ಮವನು ಬಾ ಅಂತ ಪೌರತ್ವ ಕೊಟ್ಟವರೇ ಮದುವೆ ಹೊತ್ತಿಗೆ ನಿನ್ನ ಮುತ್ತಜ್ಜಿ ಯಾರು ಅಂತ ಕೇಳ್ತಾರೆ. ನಮ್ಮಲ್ಲಿ 1954ರ ಸ್ಪೆಷಲ್ ಮ್ಯಾರೇಜ್ ಆಕ್ಟ್ ಇದೆ, ಧರ್ಮ ಬೇಡ ಅಂದೋರು ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸಹಿ ಹಾಕಬಹುದು, ತೊಡಕು ಎಷ್ಟೇ ಇದ್ರೂ ಆ ದಾರಿ ಅಂತ ಒಂದಿದೆ. ಇಸ್ರೇಲ್‌ನಲ್ಲಿ ಆ ದಾರಿ ಇವತ್ತಿಗೂ ಇಲ್ಲ, ರಬ್ಬಿ ಒಪ್ಪದೇ ಇದ್ದವರು ಸೈಪ್ರಸ್‌ಗೆ ಹೋಗಿ ಮದುವೆ ಆಗಿ ಬಂದು ರಿಜಿಸ್ಟರ್ ಮಾಡಿಸ್ತಾರೆ.

ಅಷ್ಟಕ್ಕೂ ರಬ್ಬಿಗಳ ತಕರಾರು ಏನಿತ್ತು? ಬಣ್ಣದ ಭೇದ ಇರಲಿಲ್ಲ ಅಂತ ನಾನು ಹೇಳಲ್ಲ, ಆದ್ರೆ ಕಾಗದದ ಮೇಲೆ ಇದ್ದ ಕಾರಣ ಧರ್ಮಶಾಸ್ತ್ರದ್ದು, ಅದನ್ನ ಅರ್ಥ ಮಾಡ್ಕೊಳ್ಳದೆ ಇಡೀ ಜಗಳ ಅರ್ಥ ಆಗಲ್ಲ. ಯಹೂದಿ ಶಾಸ್ತ್ರದ ಪ್ರಕಾರ ಗಂಡ ಗೆಟ್ ಅನ್ನೋ ಬಿಡುಗಡೆ ಪತ್ರ ಬರೆಸಿ ಹೆಂಡತಿ ಕೈಗೆ ಕೊಟ್ಟರೆ ಮಾತ್ರ ಡಿವೋರ್ಸ್. ಅದಿಲ್ಲದೆ ಆಕೆ ಇನ್ನೊಬ್ಬ ಯಹೂದಿ ಗಂಡಸನ್ನ ಮದುವೆ ಆಗಿ ಮಕ್ಕಳಾದ್ರೆ ಆ ಮಕ್ಕಳನ್ನ ಮಮ್ಜೇರ್ ಅಂತಾರೆ, ಅವರು, ಅವರ ಮಕ್ಕಳು, ಮೊಮ್ಮಕ್ಕಳು ಯಾರೂ ಸಾಮಾನ್ಯ ಯಹೂದಿಗಳನ್ನ ಮದುವೆ ಆಗೋ ಹಾಗಿಲ್ಲ. ಕೊಂಕಣದ ಹಳ್ಳಿಗಳಲ್ಲಿ ಶತಮಾನಗಟ್ಟಲೆ ರಬ್ಬಿಗಳೇ ಇರಲಿಲ್ಲ, ತಾಲ್ಮುದ್ ಅನ್ನೋ ಧರ್ಮಶಾಸ್ತ್ರದ ಗ್ರಂಥ ಗೊತ್ತಿರಲಿಲ್ಲ, ಅಂದ್ಮೇಲೆ ಗೆಟ್ ಯಾರು ಬರೆದಿರ್ತಾರೆ, ಹಿಂದೆ ಯಾವತ್ತೋ ಯಾರೋ ಒಬ್ಬ ಹೆಂಗಸು ಹಾಗೆ ಮರುಮದುವೆ ಆಗಿದ್ರೆ ಇಡೀ ಸಮುದಾಯಕ್ಕೇ ಅನುಮಾನ ಅಂಟುತ್ತೆ ಅನ್ನೋದು ಅವರ ವಾದ. ಇವರು ಯಹೂದಿಗಳು ಹೌದು ಅಂತ 1961ರ ಅಕ್ಟೋಬರ್‌ನಲ್ಲಿ ರಬ್ಬಿನೇಟ್ ಕೌನ್ಸಿಲ್ ಒಪ್ಪಿಕೊಂಡಿತ್ತು, ಮದುವೆಗೆ ಅಡ್ಡಿ ಇಲ್ಲ ಅಂತಾನೂ ಹೇಳಿತ್ತು. ನಾಲ್ಕು ತಿಂಗಳಲ್ಲಿ ವಿಚಾರಣೆಯ ನಿಯಮ ಬಂತು.

ನನಗೆ ಇದರಲ್ಲಿ ಅತಿ ಅನ್ಯಾಯ ಅನಿಸೋದು ಅನುಮಾನದ ಭಾರವನ್ನ ಯಾರ ಮೇಲೆ ಹಾಕಿದ್ರು ಅನ್ನೋದು. ಗಾಣದವರ ಮನೆಯಲ್ಲಿ ಮುತ್ತಜ್ಜಿಯ ಮದುವೆ ದಾಖಲೆ ಎಲ್ಲಿಂದ ತರಬೇಕು? ನಮ್ಮ ನಿಮ್ಮ ಮನೆಯಲ್ಲೇ ಇರಲ್ಲ. ಪೋಲೆಂಡಿಂದಲೋ ಯೆಮೆನ್‌ನಿಂದಲೋ ಬಂದವನ ಮುತ್ತಜ್ಜಿ ದಾಖಲೆ ಇಲ್ಲದಿದ್ರೂ ಅವನ ಇಡೀ ಸಮುದಾಯದ ಮೇಲೆ ಅನುಮಾನ ಬರ್ತಿರಲಿಲ್ಲ, ಇವರದ್ದು ಮಾತ್ರ ಹುಟ್ಟಿನಿಂದಲೇ ಬರ್ತಿತ್ತು.

ಅವರೇನು ಸುಮ್ನೆ ಕೂತವರಲ್ಲ. ಮೊದಲು 1951-52ರಲ್ಲೇ ಬೇರ್‌ಶೆಬಾ ಕಡೆ ನೆಲೆಸಿದ್ದ ಕುಟುಂಬಗಳು, ಕೆಲಸ ಮನೆ ಎಲ್ಲದರಲ್ಲೂ ಬಣ್ಣ ನೋಡ್ತಾರೆ, ನಮ್ಮನ್ನ ಭಾರತಕ್ಕೆ ವಾಪಸ್ ಕಳಿಸಿ ಅಂತ ಧರಣಿ ಕೂತು, ನೂರಕ್ಕೂ ಹೆಚ್ಚು ಜನ ನಿಜವಾಗ್ಲೂ ಬಾಂಬೆಗೆ ವಾಪಸ್ ಬಂದಿದ್ರು, ಆಮೇಲೆ ಅವರಲ್ಲಿ ಬಹಳಷ್ಟು ಜನ ಮತ್ತೆ ಇಸ್ರೇಲ್‌ಗೇ ಹೋದ್ರು. ದೊಡ್ಡ ಹೋರಾಟ ನಡೆದಿದ್ದು 1964ರ ಬೇಸಿಗೆಯಲ್ಲಿ. ಮಕ್ಕಳುಮರಿ ಕಟ್ಟಿಕೊಂಡು ಸಂಸಾರ ಸಮೇತ ಜೆರುಸಲೇಂನಲ್ಲಿ ವಲಸೆ ಬರೋ ಯಹೂದಿಗಳನ್ನ ನೋಡ್ಕೊಳ್ಳೋ ಜ್ಯೂಯಿಷ್ ಏಜೆನ್ಸಿ ಆಫೀಸಿನ ಎದುರು ಧರಣಿ ಕೂತ್ರು. ಪೇಪರ್‌ಗಳು ಬರೆದವು, ಜನ ಬೆಂಬಲಕ್ಕೆ ಬಂದ್ರು, ಕೊನೆಗೆ ರಜೆಯಲ್ಲಿದ್ದ ಕ್ನೆಸೆಟ್‌ನ ವಿಶೇಷ ಅಧಿವೇಶನವನ್ನೇ ಕರೀಬೇಕಾಯ್ತು. ಆಗಸ್ಟ್ 17ರಂದು ಪ್ರಧಾನಿ ಲೆವಿ ಎಶ್ಕೋಲ್ ಸರ್ಕಾರ, ಬೆನೆ ಇಸ್ರೇಲಿಗಳು ಎಲ್ಲಾ ರೀತಿಯಲ್ಲೂ ಯಹೂದಿಗಳು, ಬೇರೆಯವರಿಗೂ ಇವರಿಗೂ ಯಾವ ವ್ಯತ್ಯಾಸವೂ ಇಲ್ಲ, ರಬ್ಬಿನೇಟ್ ಇದನ್ನ ಸರಿ ಮಾಡಬೇಕು ಅಂತ ಅಲ್ಲಿ ಸ್ಪಷ್ಟವಾಗಿ ಹೇಳ್ತು. ಆ ತಿಂಗಳ ಕೊನೆಗೆ ರಬ್ಬಿನೇಟ್ ನಿಯಮದಿಂದ ಬೆನೆ ಇಸ್ರೇಲ್ ಅನ್ನೋ ಹೆಸರು ತೆಗೆದು ಅನುಮಾನ ಇರೋ ಯಾರೇ ಆಗಲಿ ಅಂತ ಬದಲಾಯಿಸ್ತು. ಹೆಸರು ಹೋಯ್ತು, ವಿಚಾರಣೆಯ ಅಧಿಕಾರ ಹಾಗೇ ಉಳೀತು, ಇದನ್ನ ಗಮನಿಸಬೇಕು, ಯಾಕಂದ್ರೆ ಮುಂದೆ ಬಂದವರೆಲ್ಲ ಸಿಕ್ಕಿಹಾಕಿಕೊಂಡಿದ್ದು ಇದರಲ್ಲೇ. 1990ರ ದಶಕದಲ್ಲೂ ಪೆಟಾ ಟಿಕ್ವಾ ಊರಲ್ಲಿ ಬೆನೆ ಇಸ್ರೇಲಿಗಳ ಮದುವೆ ನಿರಾಕರಿಸಿದ ಪ್ರಸಂಗ ನಡೆದು ಮತ್ತೆ ಗಲಾಟೆ ಆಯ್ತು.

ಅತ್ತ 1960ರ ದಶಕದಲ್ಲೇ ಸರ್ಕಾರದ ಕಡೆಯ ಅಳತೆಯೂ ಕೋರ್ಟಲ್ಲಿ ಪರೀಕ್ಷೆಗೆ ಬಂತು. ಪೋಲೆಂಡಿನ ಯಹೂದಿ ಓಸ್ವಾಲ್ಡ್ ರುಫೈಸನ್, ನಾಜಿಗಳ ಕೈಗೆ ಸಿಗೋ ಮೊದಲೇ ಮಿರ್ ಅನ್ನೋ ಊರಲ್ಲಿ ಯಹೂದಿಗಳನ್ನ ಕೂಡಿಹಾಕಿದ್ದ ಘೆಟ್ಟೋದಿಂದ ನೂರಾರು ಯಹೂದಿಗಳು ತಪ್ಪಿಸಿಕೊಳ್ಳೋ ಹಾಗೆ ಮಾಡಿದ ಮನುಷ್ಯ, ಕಾನ್ವೆಂಟಲ್ಲಿ ಅಡಗಿದ್ದಾಗ ಕ್ರೈಸ್ತನಾಗಿ ಆಮೇಲೆ ಸನ್ಯಾಸಿಯಾದ. ಬ್ರದರ್ ಡೇನಿಯಲ್ ಅಂತ ಹೆಸರಾಗಿದ್ದ ಅವರು ನಾನು ಧರ್ಮದಿಂದ ಕ್ಯಾಥೊಲಿಕ್, ಕುಲದಿಂದ ಯಹೂದಿ, ಮರಳುವ ಹಕ್ಕು ಕೊಡಿ ಅಂತ ಕೇಳಿದ್ರು. ತಾಯಿ ಯಹೂದಿ ಆದ್ದರಿಂದ ಧರ್ಮಶಾಸ್ತ್ರದ ಲೆಕ್ಕದಲ್ಲಿ ಅವರು ಯಹೂದಿಯೇ. ಆದ್ರೆ ಸುಪ್ರೀಂ ಕೋರ್ಟ್ 1962ರಲ್ಲಿ, ಜನಸಾಮಾನ್ಯರ ದೃಷ್ಟಿಯಲ್ಲಿ ಬೇರೆ ಧರ್ಮಕ್ಕೆ ಹೋದವನು ಯಹೂದಿ ಅಲ್ಲ ಅಂತು. ಬೆನೆ ಇಸ್ರೇಲಿಗಳಿಗೆ ಆಗಿದ್ದಕ್ಕೆ ಪೂರ್ತಿ ಉಲ್ಟಾ, ಅದೂ ಅದೇ ವರ್ಷ. 1970ರ ಜನವರಿಯಲ್ಲಿ ನೌಕಾಪಡೆ ಅಧಿಕಾರಿ ಬೆಂಜಮಿನ್ ಶಾಲಿತ್, ಯಹೂದಿಯಲ್ಲದ ಹೆಂಡತಿಯಲ್ಲಿ ಹುಟ್ಟಿದ ತನ್ನ ಮಕ್ಕಳನ್ನ ಯಹೂದಿ ರಾಷ್ಟ್ರೀಯತೆ ಅಂತ ಬರೆಸೋ ಕೇಸನ್ನ 5-4 ಅಂತರದಲ್ಲಿ ಗೆದ್ದ. ಧಾರ್ಮಿಕ ಪಕ್ಷಗಳು ಸಿಡಿದೆದ್ದು ಅದೇ ಮಾರ್ಚ್‌ನಲ್ಲಿ ಕಾನೂನೇ ತಿದ್ದುಪಡಿ ಆಯ್ತು: ಯಹೂದಿ ತಾಯಿಗೆ ಹುಟ್ಟಿದವರು ಅಥವಾ ಮತಾಂತರ ಆದವರು, ಬೇರೆ ಧರ್ಮದಲ್ಲಿ ಇರಬಾರದು. ಜೊತೆಗೆ ಅಜ್ಜ ಅಜ್ಜಿಯರಲ್ಲಿ ಒಬ್ಬರು ಯಹೂದಿ ಆಗಿದ್ರೂ ಮೊಮ್ಮಕ್ಕಳು, ಅವರ ಗಂಡ ಹೆಂಡತಿ ಬರಬಹುದು ಅಂತಾನೂ ಸೇರಿಸಿದ್ರು.

ಈ ಮೊಮ್ಮಕ್ಕಳ ಕಲಂನಿಂದಲೇ ಸೋವಿಯತ್ ಒಕ್ಕೂಟ ಒಡೆದಾಗ ಲಕ್ಷಾಂತರ ಜನ ಬಂದ್ರು. ಅವರಲ್ಲಿ ಮತ್ತು ಅವರ ಮಕ್ಕಳಲ್ಲಿ ಸುಮಾರು 5 ಲಕ್ಷ ಜನ ಇವತ್ತು ಇಸ್ರೇಲ್‌ನ ಪೌರರು, ಹೀಬ್ರೂ ಮಾತಾಡ್ತಾರೆ, ಸೈನ್ಯದಲ್ಲಿ ದುಡೀತಾರೆ, ಆದ್ರೆ ದಾಖಲೆಯಲ್ಲಿ ಧರ್ಮ ಇಲ್ಲ ಅಂತ ಇದೆ, ರಬ್ಬಿ ಮುಂದೆ ಮದುವೆ ಆಗೋಕಾಗಲ್ಲ. ಇಥಿಯೋಪಿಯಾದ ಬೇಟಾ ಇಸ್ರೇಲಿಗಳನ್ನ 1973ರಲ್ಲಿ ಚೀಫ್ ರಬ್ಬಿ ಒವಾಡಿಯಾ ಯೋಸೆಫ್ ಯಹೂದಿಗಳೇ ಅಂತ ಒಪ್ಪಿದ್ರು, 1984-85ರಲ್ಲಿ ಸುಡಾನ್ ದಾರಿಯಲ್ಲಿ ಸಾವಿರಾರು ಜನ ಪ್ರಾಣ ಕಳ್ಕೊಂಡು ಉಳಿದವರು ಬಂದಿಳಿದ್ರೆ, ಅನುಮಾನ ಪರಿಹಾರಕ್ಕೆ ಅಂತ ಮತ್ತೆ ಶುದ್ಧೀಕರಣದ ಸ್ನಾನ ಮಾಡಬೇಕು ಅಂದ್ರು. ತಲೆತಲಾಂತರದಿಂದ ಧರ್ಮ ಉಳಿಸಿಕೊಂಡು ಬಂದವರಿಗೆ ಇದಕ್ಕಿಂತ ಅವಮಾನ ಇನ್ನೇನಿದೆ, ಅವರೂ 1985ರಲ್ಲಿ ಜೆರುಸಲೇಂನ ರಬ್ಬಿನೇಟ್ ಎದುರು ವಾರಗಟ್ಟಲೆ ಧರಣಿ ಕೂತ್ರು.

2016ರಲ್ಲಿ ಜೀನ್ ಅಧ್ಯಯನವೊಂದು ಬೆನೆ ಇಸ್ರೇಲಿಗಳಲ್ಲಿ ಮಧ್ಯಪ್ರಾಚ್ಯದ ಯಹೂದಿ ಮೂಲ, ಭಾರತೀಯ ಮೂಲ ಎರಡೂ ಇದೆ ಅಂತ ತೋರಿಸ್ತು. ಸಮುದಾಯದ ಕೆಲವರಿಗೆ ಖುಷಿ ಆಯ್ತು, ಸಹಜ. ನನಗೆ ಮಾತ್ರ ರಕ್ತ ಪರೀಕ್ಷೆಯಿಂದ ಯಹೂದಿತನ ಸಾಬೀತಾಯ್ತು ಅಂತ ಸಂಭ್ರಮ ಪಡೋದು ಭಯ ಹುಟ್ಟಿಸುತ್ತೆ, ಆ ಅಳತೆಯಿಂದ ಯಹೂದಿಗಳೇ ಏನು ಅನುಭವಿಸಿದ್ರು ಅನ್ನೋದು ಗೊತ್ತಿರೋದೇ.

ಈಗ ಮತ್ತೆ ಭಾರತದಿಂದಲೇ ಒಂದು ಸಮುದಾಯ ಹೊರಟಿದೆ. ಮಣಿಪುರ, ಮಿಜೋರಾಂನ ಬ್ನೇ ಮೆನಾಶೆಗಳು, ಪ್ರಾಚೀನ ಇಸ್ರೇಲಿನ ಕಳೆದುಹೋದ ಮನಸ್ಸೆ ಕುಲದವರು ನಾವು ಅನ್ನೋ ನಂಬಿಕೆಯವರು. 2005ರಲ್ಲಿ ಚೀಫ್ ರಬ್ಬಿ ಶ್ಲೋಮೋ ಅಮಾರ್ ಇವರನ್ನ ಇಸ್ರೇಲಿನ ಸಂತತಿ ಅಂತ ಒಪ್ಪಿದ್ರು, ಆದ್ರೆ ವಿಧಿಪೂರ್ವಕ ಮತಾಂತರ ಆಗಲೇಬೇಕು ಅನ್ನೋ ಷರತ್ತಿನ ಮೇಲೆ. 2023ರ ಮಣಿಪುರ ಹಿಂಸೆಯಲ್ಲಿ ಇವರ ಮನೆಗಳು, ಸಿನಗಾಗ್‌ಗಳೂ ಸುಟ್ಟವು. 2025ರ ನವೆಂಬರ್‌ನಲ್ಲಿ ಇಸ್ರೇಲ್ ಸರ್ಕಾರ ಉಳಿದ ಸುಮಾರು 5,800 ಜನರನ್ನ 2030ರೊಳಗೆ ಕರೆಸಿಕೊಳ್ಳೋ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಮೊಮ್ಮಕ್ಕಳ ಕಲಂ ತೆಗೀಬೇಕು ಅಂತ 2022ರ ಚುನಾವಣೆ ನಂತರ ಧಾರ್ಮಿಕ ಪಕ್ಷಗಳು ಪಟ್ಟು ಹಿಡಿದಿರೋದೂ, ಅತ್ತ 2021ರಲ್ಲಿ ಸುಪ್ರೀಂ ಕೋರ್ಟ್ ಇಸ್ರೇಲ್ ಒಳಗೆ ರಿಫಾರ್ಮ್, ಕನ್ಸರ್ವೇಟಿವ್ ಅನ್ನೋ, ಕಟ್ಟಾ ಸಂಪ್ರದಾಯಸ್ಥರಲ್ಲದ ಪಂಥಗಳ ರಬ್ಬಿಗಳು ಮಾಡಿಸಿದ ಮತಾಂತರವನ್ನ ಪೌರತ್ವಕ್ಕೆ ಒಪ್ಪಿರೋದೂ ಇದೇ ಹಗ್ಗಜಗ್ಗಾಟದ ಎರಡು ತುದಿ. ಮದುವೆ ವಿಷಯದಲ್ಲಿ ಮಾತ್ರ 1953ರ ಕಾನೂನೇ ನಡೀತಿದೆ, ಬ್ನೇ ಮೆನಾಶೆ ಹುಡುಗ ಹುಡುಗಿಯರೂ ಅದೇ ಕಾನೂನಿನ ಕೆಳಗೆ ಅರ್ಜಿ ಹಾಕಬೇಕು.